ಬೀಟಲ್ಸ್ ಒಟ್ಟು ಎಷ್ಟು ಹಾಡು ರೆಕಾರ್ಡ್ ಮಾಡಿದರು? 211 ಅಂದಿದ್ದಕ್ಕೆ ಅಂಕ ಹೋಯಿತು

ಕ್ವಿಜ್‌ಸೋತವ · ಶನಿವಾರ, ರಾತ್ರಿ 10:20

ತಲೆ ಕೆಟ್ಟು ಬರೆಯುತ್ತಿದ್ದೇನೆ, ಬೈಬೇಡಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇವತ್ತು ಕ್ವಿಜ್ ಇತ್ತು. ಕೊನೆ ಸುತ್ತಿಗೆ ಬಂದಾಗ ನಮ್ಮ ತಂಡ ಐದು ಅಂಕ ಮುಂದಿತ್ತು. ಆಗ ಬಂತು ಪ್ರಶ್ನೆ: ಜಾನ್, ಪಾಲ್, ಜಾರ್ಜ್, ರಿಂಗೋ ಈ ನಾಲ್ವರ ಇಂಗ್ಲೆಂಡಿನ ತಂಡ ಬೀಟಲ್ಸ್, ಒಟ್ಟಿಗಿದ್ದ ಕಾಲದಲ್ಲಿ ರೆಕಾರ್ಡ್ ಮಾಡಿ ಹೊರತಂದ ಹಾಡುಗಳು ಎಷ್ಟು? ನನ್ನ ಹೆಂಡತಿ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಕಿವಿ ತಿಂದಿದ್ದೀರಿ, ಇವತ್ತಾದರೂ ಉಪಯೋಗಕ್ಕೆ ಬರಲಿ ಅನ್ನೋ ಹಾಗಿತ್ತು ಆ ನೋಟ. ನಾನು ಎದೆಯುಬ್ಬಿಸಿ 211 ಅಂದೆ.

ಉತ್ತರ 213 ಅಂತೆ. ಎರಡನೇ ಬಹುಮಾನ, ಪ್ಲಾಸ್ಟಿಕ್ ಡಬ್ಬಿ ಸೆಟ್.

ಆ ಎರಡು ಹಾಡು ಯಾವುವು ಅಂತ ನನಗೆ ಚೆನ್ನಾಗಿ ಗೊತ್ತು. 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್' ಮತ್ತು 'ಶಿ ಲವ್ಸ್ ಯು' ಹಾಡುಗಳನ್ನು ಅವರು 1964ರಲ್ಲಿ ಜರ್ಮನ್ ಭಾಷೆಯಲ್ಲೂ ಹಾಡಿದ್ದರು. ಅದೇ ಟ್ಯೂನು, ಅದೇ ನಾಲ್ಕು ಜನ. ಮಾತು ಮಾತ್ರ ಬೇರೆ. ಇದನ್ನು ಬೇರೆ ಹಾಡು ಅಂತ ಎಣಿಸುತ್ತೀರಾ? ಡಬ್ಬಿಂಗ್ ಮಾಡಿದ್ದನ್ನು ಹೊಸದು ಅಂತ ಒಪ್ಪಿಕೊಂಡ ಊರಾ ನಮ್ಮದು?

ಬಸವನಹುಳು · ಶನಿವಾರ, ರಾತ್ರಿ 10:31

ಡಬ್ಬಿಗಳ ಮುಚ್ಚಳ ಗಟ್ಟಿ ಇವೆಯಾ?

ಲೆಕ್ಕದಮೇಷ್ಟ್ರು · ಶನಿವಾರ, ರಾತ್ರಿ 11:05

ಸೋತವರೇ, ನಿಮ್ಮ 211 ತಪ್ಪಲ್ಲ. ಅವರ 213 ಕೂಡ ತಪ್ಪಲ್ಲ. 217 ಅಂದಿದ್ದರೂ ವಾದ ಮಾಡಬಹುದಿತ್ತು. ಹೇಗೆ ಅಂತ ಕೂಡಿಸಿ ತೋರಿಸುತ್ತೇನೆ, ಪೆನ್ನು ಹಿಡಿಯಿರಿ.

ಬ್ರಿಟನ್ನಿನ ಎಲ್‌ಪಿಗಳನ್ನೇ, ಅಂದರೆ ಇಡೀ ಆಲ್ಬಂ ಇರುವ ದೊಡ್ಡ ತಟ್ಟೆಗಳನ್ನೇ, ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಕಡೆ ತಿರುಗಿಯೂ ನೋಡಬೇಡಿ. ಅಲ್ಲಿನ ಕ್ಯಾಪಿಟಲ್ ಕಂಪನಿ ಒಂದು ಆಲ್ಬಮ್ಮಿನಿಂದ ಮೂರು ಹಾಡು ಕಿತ್ತು, ಕಿತ್ತದ್ದನ್ನೆಲ್ಲ ಕೂಡಿಸಿ ಇನ್ನೊಂದು ಆಲ್ಬಂ ಮಾಡಿ ಮಾರುತ್ತಿತ್ತು. 1966ರ 'ರಿವಾಲ್ವರ್' ಕೊಂಡ ಬ್ರಿಟನ್ನಿನವನಿಗೆ 14 ಹಾಡು, ಅಮೆರಿಕದವನಿಗೆ 11.

'ಪ್ಲೀಸ್ ಪ್ಲೀಸ್ ಮಿ', 'ವಿತ್ ದ ಬೀಟಲ್ಸ್', 'ಬೀಟಲ್ಸ್ ಫಾರ್ ಸೇಲ್', 'ಹೆಲ್ಪ್', 'ರಬ್ಬರ್ ಸೋಲ್', 'ರಿವಾಲ್ವರ್'. ಈ ಆರರಲ್ಲೂ 14 ಹಾಡು. ಆರು ಸಲ 14 ಅಂದರೆ 84. 'ಎ ಹಾರ್ಡ್ ಡೇಸ್ ನೈಟ್' ಮತ್ತು 'ಸಾರ್ಜೆಂಟ್ ಪೆಪ್ಪರ್' ತಲಾ 13, ಅಲ್ಲಿಗೆ 110. 'ಮ್ಯಾಜಿಕಲ್ ಮಿಸ್ಟರಿ ಟೂರ್' 11, ಅಲ್ಲಿಗೆ 121. ಇದೊಂದು ಮಾತ್ರ ಅಮೆರಿಕದ ಎಲ್‌ಪಿ. ಬ್ರಿಟನ್ನಿನಲ್ಲಿ ಇದು ಆರೇ ಹಾಡಿನ ಎರಡು ಚಿಕ್ಕ ತಟ್ಟೆ. ವೈಟ್ ಆಲ್ಬಂ 30, ಆಯಿತು 151. 'ಯೆಲ್ಲೋ ಸಬ್‌ಮರೀನ್'ನಲ್ಲಿ ಅವರ ಹಾಡು ಆರಿದ್ದರೂ ಎರಡು ಮೊದಲೇ ಬಂದಿವೆ. ಹೊಸವು ನಾಲ್ಕೇ, 155. 'ಆಬಿ ರೋಡ್' 17, 'ಲೆಟ್ ಇಟ್ ಬಿ' 12. ಒಟ್ಟು 184.

ಇನ್ನು ಆಲ್ಬಮ್ಮಿಗೆ ಸೇರದೆ ಬರೀ ಸಿಂಗಲ್ಲಾಗಿ, ಅಂದರೆ ಬದಿಗೊಂದು ಹಾಡಿನ ಚಿಕ್ಕ ತಟ್ಟೆಯಾಗಿ ಬಂದವು. 'ಹೇ ಜೂಡ್' ಯಾವ ಬ್ರಿಟಿಷ್ ಆಲ್ಬಮ್ಮಿನಲ್ಲೂ ಇರಲಿಲ್ಲ, ಗೊತ್ತಲ್ವಾ? ಇಂಥವನ್ನೆಲ್ಲ 1988ರಲ್ಲಿ 'ಪಾಸ್ಟ್ ಮಾಸ್ಟರ್ಸ್' ಅಂತ ಎರಡು ಸಿಡಿಯಲ್ಲಿ ಹಾಕಿದರು. ಅದರಲ್ಲಿ 33. ಈಗ 217.

ಆ 33ರಲ್ಲಿ 'ಲವ್ ಮಿ ಡು', 'ಗೆಟ್ ಬ್ಯಾಕ್', 'ಲೆಟ್ ಇಟ್ ಬಿ', 'ಅಕ್ರಾಸ್ ದ ಯೂನಿವರ್ಸ್' ಈ ನಾಲ್ಕೂ ಆಲ್ಬಮ್ಮಿನಲ್ಲಿ ಬೇರೆ ರೂಪದಲ್ಲಿ ಇವೆ. ಕಳೆಯಿರಿ: 213. ಜರ್ಮನ್ ಎರಡನ್ನೂ ಕಳೆದರೆ ನಿಮ್ಮ 211.

213ರಲ್ಲಿ 25 ಬೇರೆಯವರು ಬರೆದ ಹಾಡು ಅಥವಾ ಜನಪದ. ಉಳಿದ 188 ಸ್ವಂತದ್ದು. ಇದು ಮುಂದಿನ ಕ್ವಿಜ್ಜಿಗೆ.

ಕ್ವಿಜ್‌ಸೋತವ · ಶನಿವಾರ, ರಾತ್ರಿ 11:40

ಮೇಷ್ಟ್ರೇ, ಕಾಲಿಗೆ ಬಿದ್ದೆ. ಆದರೆ ನಿಮ್ಮ ಲೆಕ್ಕದಲ್ಲೇ ನನ್ನ ಜಗಳ ಇದೆ ನೋಡಿ.

'ಲವ್ ಮಿ ಡು' ಒಂದೇ ಅಂದಿರಿ. 1962ರ ಸೆಪ್ಟೆಂಬರ್ 4ರಂದು ರಿಂಗೋ ಡ್ರಮ್ಸ್ ನುಡಿಸಿದ್ದು ಒಂದು ರೆಕಾರ್ಡಿಂಗ್. ನಿರ್ಮಾಪಕರಿಗೆ ಸಮಾಧಾನ ಆಗದೆ 11ರಂದು ಆಂಡಿ ವೈಟ್ ಅನ್ನೋ ಬಾಡಿಗೆ ಡ್ರಮ್ಮರನ್ನು ಕರೆಸಿ ಮತ್ತೆ ಮಾಡಿದ್ದು ಇನ್ನೊಂದು. ಎರಡನೆಯದರಲ್ಲಿ ಪಾಪ ರಿಂಗೋ ಕೈಗೆ ಟ್ಯಾಂಬೊರಿನ್ ಕೊಟ್ಟು ನಿಲ್ಲಿಸಿದರು. ಟ್ಯಾಂಬೊರಿನ್ ಸದ್ದು ಕೇಳಿದರೆ ಅದು ಆಂಡಿ ವೈಟ್ ನುಡಿಸಿದ್ದು ಅಂತ ಕಣ್ಣು ಮುಚ್ಚಿ ಹೇಳಬಹುದು. ದಿನ ಬೇರೆ, ಡ್ರಮ್ಮರ್ ಬೇರೆ, ಪೂರ್ತಿ ಹೊಸದಾಗಿ ನುಡಿಸಿದ್ದು. ಆದರೂ ಒಂದೇ ಹಾಡು.

ಅದೇ 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್' ಜರ್ಮನ್ ರೂಪಕ್ಕೆ ವಾದ್ಯ ಕೂಡ ಹೊಸದಾಗಿ ನುಡಿಸಲಿಲ್ಲ. ಲಂಡನ್ನಿನ ಟೇಪನ್ನೇ ಹಾಕಿ ಮೇಲೆ ಜರ್ಮನ್‌ನಲ್ಲಿ ಹಾಡಿದರು. ಅದು ಮಾತ್ರ ಬೇರೆ ಹಾಡು!

ಇದ್ಯಾವ ನ್ಯಾಯ?

ಲೆಕ್ಕದಮೇಷ್ಟ್ರು · ಭಾನುವಾರ, ಬೆಳಗ್ಗೆ 6:50

ನ್ಯಾಯ ಇಲ್ಲ, ಒಪ್ಪಿದೆ. ಹೆಸರು ಬೇರೆ ಇದ್ದರೆ ಬೇರೆ ಹಾಡು, ಅಷ್ಟೇ ಆ ಎಣಿಕೆಯ ಗುಟ್ಟು. ಅದಕ್ಕೇ 'ರೆವಲ್ಯೂಷನ್' ಮತ್ತು 'ರೆವಲ್ಯೂಷನ್ 1' ಎರಡಾಗಿವೆ. ಮಾತು ಹೆಚ್ಚುಕಡಿಮೆ ಒಂದೇ. ಒಂದು ನಿಧಾನ, ಇನ್ನೊಂದು ಗಿಟಾರು ಕಿರುಚುವ ಓಟ. ಮುಂದೆ ಒಂದು ಅಂಕಿ ಅಂಟಿಸಿದ್ದಕ್ಕೆ ಲೆಕ್ಕದಲ್ಲಿ ಒಂದು ಹಾಡು ಜಾಸ್ತಿ ಆಯಿತು. 'ಸಾರ್ಜೆಂಟ್ ಪೆಪ್ಪರ್' ಶೀರ್ಷಿಕೆ ಹಾಡು ಆಲ್ಬಮ್ಮಿನ ಕೊನೆಗೆ ಚಿಕ್ಕದಾಗಿ ಮತ್ತೆ ಬರುತ್ತದಲ್ಲ, ಅದಕ್ಕೂ ಒಂದು ನಂಬರ್.

ಜರ್ಮನ್ ಹಾಡಿನ ಬಗ್ಗೆ ಇನ್ನೊಂದು ಮಾತು. ಅದು ಪ್ಯಾರಿಸ್ಸಿನಲ್ಲಿ, 1964ರ ಜನವರಿ 29ರಂದು ಆದದ್ದು. ಮೊದಲನೆಯದಕ್ಕೆ ಲಂಡನ್ ಟೇಪ್ ಇತ್ತು, ನಿಜ. 'ಶಿ ಲವ್ಸ್ ಯು'ಗೆ ಮೂಲ ಟೇಪ್ ಇರಲೇ ಇಲ್ಲ. ಹಾಗಾಗಿ ವಾದ್ಯ ಸಮೇತ ಪೂರ್ತಿ ಹೊಸದಾಗಿ ನುಡಿಸಿದರು. ಆ ಟೇಪ್ ಹೋದದ್ದರಿಂದ ಇಂಗ್ಲಿಷ್ 'ಶಿ ಲವ್ಸ್ ಯು' 2023ರವರೆಗೂ ಮೋನೋದಲ್ಲೇ (ಎಡ ಬಲ ಬೇರೆ ಮಾಡದ ಒಂದೇ ದನಿ) ಇತ್ತು. ಅಂದರೆ ನಿಮ್ಮ ವಾದ ಹಿಡಿದರೂ ಎರಡರಲ್ಲಿ ಒಂದು ನಿಜವಾಗಿಯೂ ಬೇರೆ ರೆಕಾರ್ಡಿಂಗ್. 212 ಅಂತ ರಾಜಿ ಮಾಡಿಕೊಳ್ಳಿ.

ಅವತ್ತೇ ಅದೇ ಸ್ಟುಡಿಯೋದಲ್ಲಿ 'ಕಾಂಟ್ ಬೈ ಮಿ ಲವ್' ಕೂಡ ರೆಕಾರ್ಡ್ ಮಾಡಿದರು. ಬೇಡ ಬೇಡ ಅಂತ ಗೊಣಗಿಕೊಂಡು ಬಂದವರು ಆ ದಿನವನ್ನು ಹಾಳು ಮಾಡಲಿಲ್ಲ.

ಫೇಡರ್ · ಭಾನುವಾರ, ಬೆಳಗ್ಗೆ 9:15

ಸೌಂಡ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ನೀವೆಲ್ಲ ಹಾಡು ಎಣಿಸುತ್ತಿದ್ದೀರಿ. ಕಿವಿಗೆ ಬೀಳುವುದು ಮಿಕ್ಸ್, ಅಂದರೆ ದನಿ, ವಾದ್ಯಗಳನ್ನೆಲ್ಲ ಹದವಾಗಿ ಸೇರಿಸಿದ ಕೊನೆಯ ರೂಪ.

1968ರವರೆಗೆ ಇವರ ಪ್ರತಿ ಆಲ್ಬಮ್ಮಿಗೂ ಮೋನೋ ಬೇರೆ, ಸ್ಟೀರಿಯೋ ಬೇರೆ ಮಿಕ್ಸ್ ಆಗುತ್ತಿತ್ತು. ಆಗ ಬ್ರಿಟನ್ನಿನ ಮನೆಗಳಲ್ಲಿ ಜಾಸ್ತಿ ಇದ್ದದ್ದು ಮೋನೋ ಪ್ಲೇಯರ್. ಹಾಗಾಗಿ ಹುಡುಗರು ತಾವೇ ಕೂತು ತಲೆ ಕೆಡಿಸಿಕೊಂಡದ್ದು ಮೋನೋಗೆ. 'ಸಾರ್ಜೆಂಟ್ ಪೆಪ್ಪರ್' ಸ್ಟೀರಿಯೋ ಮಿಕ್ಸ್ ಮಾಡುವಾಗ ಅವರು ಹತ್ತಿರವೂ ಇರಲಿಲ್ಲ, ಎಂಜಿನಿಯರುಗಳೇ ಬೇಗ ಬೇಗ ಮುಗಿಸಿದರು. ನಾವು ಚಿಕ್ಕಂದಿನಿಂದ ಕೇಳಿ ತಲೆದೂಗಿದ್ದು ಆ ಬೇಗ ಮುಗಿಸಿದ್ದನ್ನು.

ನಂಬಿಕೆ ಬರದಿದ್ದರೆ 'ಶೀಸ್ ಲೀವಿಂಗ್ ಹೋಮ್' ಎರಡೂ ತರ ಒಂದಾದ ಮೇಲೊಂದು ಹಾಕಿ. ಸ್ಟೀರಿಯೋ ಎಳೆದ ಹಾಗೆ, ಭಾರ. ಮೋನೋದಲ್ಲಿ ಟೇಪ್ ಸ್ವಲ್ಪ ಜೋರಾಗಿ ಓಡಿಸಿದ್ದಾರೆ, ಶ್ರುತಿ ಮೇಲಕ್ಕೆ ಹೋಗಿದೆ, ಹುಡುಗಿ ನಿಜವಾಗಿಯೂ ಚಿಕ್ಕವಳು ಅನಿಸುತ್ತದೆ. ನಾನು ಮೊದಲ ಸಲ ಕೇಳಿದಾಗ ಕೀಬೋರ್ಡ್ ತಂದು ಶ್ರುತಿ ಹಿಡಿದು ನೋಡಿದೆ. ಹತ್ತಿರ ಹತ್ತಿರ ಅರ್ಧ ಸ್ವರ ವ್ಯತ್ಯಾಸ.

'ಹೆಲ್ಟರ್ ಸ್ಕೆಲ್ಟರ್' ಇನ್ನೂ ಮಜಾ. ಸ್ಟೀರಿಯೋದಲ್ಲಿ ಹಾಡು ಸಣ್ಣಗಾಗಿ ಮಾಯವಾಗಿ ಮತ್ತೆ ಎದ್ದು ಬರುತ್ತದೆ, ಕೊನೆಗೆ ರಿಂಗೋ ಬೆರಳಲ್ಲಿ ಬೊಬ್ಬೆ ಬಂತು ಅಂತ ಕಿರುಚುತ್ತಾನೆ. ಮೋನೋದಲ್ಲಿ ಆ ಕಿರುಚಾಟ ಇಲ್ಲ, ಸುಮಾರು ಒಂದು ನಿಮಿಷ ಮೊದಲೇ ಮುಗಿದು ಹೋಗುತ್ತದೆ. ಇದು ಒಂದು ಹಾಡೋ ಎರಡೋ?

ಬಸವನಹುಳು · ಭಾನುವಾರ, ಬೆಳಗ್ಗೆ 9:22

ಹಂಗಾದ್ರೆ 400 ದಾಟುತ್ತೆ ಬಿಡಿ. ಕ್ವಿಜ್ ಮಾಸ್ಟರನ್ನು ಕರೆಸಿ.

ಮಂಗಳೂರುಮೀನು · ಭಾನುವಾರ, ಬೆಳಗ್ಗೆ 10:02

ಎಷ್ಟು ಅಂತ ಆಮೇಲೆ ನೋಡುವ ಮಾರಾಯ್ರೆ. ಯಾರ ಹಾಡು ಅಂತ ಮೊದಲು ಹೇಳಿ.

'ಯೆಸ್ಟರ್ಡೇ'ಯಲ್ಲಿ ಬೀಟಲ್ಸ್ ಎಲ್ಲಿದ್ದಾರೆ? 1965ರ ಜೂನ್ 14ರಂದು ಪಾಲ್ ಒಬ್ಬನೇ ಗಿಟಾರು ಹಿಡಿದು ಎರಡು ಸಲ ಹಾಡಿದ. ಮೂರು ದಿನ ಬಿಟ್ಟು ನಾಲ್ಕು ಜನ ಪಿಟೀಲು, ವಿಯೋಲಾ, ಚೆಲ್ಲೋದವರು ಬಂದು ನುಡಿಸಿ ಹೋದರು. ಉಳಿದ ಮೂವರ ಒಂದು ಉಸಿರೂ ಅದರಲ್ಲಿ ಇಲ್ಲ. 1969ರ 'ಬ್ಯಾಲಡ್ ಆಫ್ ಜಾನ್ ಅಂಡ್ ಯೋಕೋ'ದಲ್ಲಿ ಜಾನ್ ಮತ್ತು ಪಾಲ್ ಇಬ್ಬರೇ, ಡ್ರಮ್ಸ್ ಕೂಡ ಪಾಲೇ. 'ವಿದಿನ್ ಯು ವಿದೌಟ್ ಯು'ನಲ್ಲಿ ಜಾರ್ಜ್ ಬಿಟ್ಟರೆ ಬೀಟಲ್ಸ್ ಯಾರೂ ಇಲ್ಲ. ಲಂಡನ್ನಿನಲ್ಲಿದ್ದ ಭಾರತೀಯ ವಾದ್ಯದವರು, ಆಮೇಲೆ ಎಂಟು ಪಿಟೀಲು, ಮೂರು ಚೆಲ್ಲೋ.

ಒಂದು ವಿಷಯ ಮಾತ್ರ ಹೇಳಲೇಬೇಕು. 'ಯೆಸ್ಟರ್ಡೇ' ಹಾಡಿದ ಅದೇ ಜೂನ್ 14ರಂದು, ಅದಕ್ಕೆ ಮೊದಲು, ಪಾಲ್ 'ಐಮ್ ಡೌನ್' ಹಾಡಿದ್ದ. ಕೇಳಿದ್ದೀರಾ? ಗಂಟಲು ಹರಿದು ಹೋಗುವ ಹಾಗೆ ಕೂಗಾಟ. ಅದೇ ಗಂಟಲಲ್ಲಿ ರಾತ್ರಿ ಹೊತ್ತಿಗೆ 'ಯೆಸ್ಟರ್ಡೇ'. ನನಗೆ ಮೇಷ್ಟ್ರ ಲೆಕ್ಕಕ್ಕಿಂತ ಇದು ದೊಡ್ಡದು ಕಾಣುತ್ತದೆ.

ಲೆಕ್ಕದಮೇಷ್ಟ್ರು · ಭಾನುವಾರ, ಬೆಳಗ್ಗೆ 10:40

ದೊಡ್ಡದೇ ಸಾರ್. ಗಂಟಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: 1963ರ ಫೆಬ್ರವರಿ 11. ಮೊದಲ ಆಲ್ಬಮ್ಮಿನ 14ರಲ್ಲಿ ಹತ್ತು ಹಾಡನ್ನು ಒಂದೇ ದಿನದಲ್ಲಿ ಮುಗಿಸಿದರು. ಜಾನ್‌ಗೆ ನೆಗಡಿ. 'ಟ್ವಿಸ್ಟ್ ಅಂಡ್ ಶೌಟ್' ಹಾಡಿದರೆ ಗಂಟಲು ಮುಗಿದೇ ಹೋಗುತ್ತದೆ ಅಂತ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಮೊದಲ ಸಲ ಹಾಡಿದ್ದೇ ಆಲ್ಬಮ್ಮಿಗೆ ಹೋಯಿತು. ಎರಡನೇ ಸಲ ಹಾಡಲು ನೋಡಿದರು, ದನಿಯೇ ಉಳಿದಿರಲಿಲ್ಲ.

ಸಾಗರದವಳು · ಭಾನುವಾರ, ಮಧ್ಯಾಹ್ನ 1:30

ಜಾರ್ಜ್ ಮಾತು ತೆಗೆದಿರಿ, ಹಾಗಾಗಿ 'ದಿ ಇನ್ನರ್ ಲೈಟ್' ಬಿಡಬೇಡಿ. ಅದರ ವಾದ್ಯ ಪೂರ್ತಿ ರೆಕಾರ್ಡ್ ಆದದ್ದು ಬಾಂಬೆಯ ಎಚ್‌ಎಂವಿ ಸ್ಟುಡಿಯೋದಲ್ಲಿ, 1968ರ ಜನವರಿಯಲ್ಲಿ. ಒಂದು ಸಿನಿಮಾದ ಸಂಗೀತಕ್ಕೆ ಅಂತ ಬಂದಿದ್ದ ಜಾರ್ಜ್, ಅದರ ಜೊತೆಗೆ ಇದನ್ನೂ ಮಾಡಿಕೊಂಡು ಹೋದ. ಕೊಳಲು, ಸರೋದ್, ಹಾರ್ಮೋನಿಯಂ. ನುಡಿಸಿದವರೆಲ್ಲ ನಮ್ಮ ದೇಶದವರು. ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಹಾಡಿದ, ಕೊನೆಯ ಸಾಲಿಗೆ ಜಾನ್ ಮತ್ತು ಪಾಲ್ ದನಿ ಕೂಡಿಸಿದರು. ಮಾರ್ಚಿನಲ್ಲಿ 'ಲೇಡಿ ಮಡೋನಾ' ಸಿಂಗಲ್ಲಿನ ಹಿಂಬದಿಗೆ ಬಂತು. ಬೀಟಲ್ಸ್ ಸಿಂಗಲ್ಲಿನಲ್ಲಿ ಜಾರ್ಜ್ ಬರೆದ ಹಾಡು ಬಂದದ್ದು ಅದೇ ಮೊದಲು. ಮೇಷ್ಟ್ರ 213ರಲ್ಲಿ ಅವನದ್ದು 22 ಇವೆ, ನಾನೂ ಎಣಿಸಿದ್ದೇನೆ.

ಇನ್ನು ನಾನು ಬಂದ ಕೆಲಸ. ಅಜ್ಜನ ಮನೆಯ ಅಟ್ಟದಲ್ಲಿ ಹಳೆ ತಟ್ಟೆಗಳ ಕಟ್ಟು ಸಿಕ್ಕಿದೆ. ಭಜನೆ, ನಾಟಕದ ಹಾಡು, ಹಿಂದಿ ಸಿನಿಮಾ. ನಡುವೆ ಒಂದು, ಪಾರ್ಲೋಫೋನ್ ಲೇಬಲ್ಲು, ನಂಬರ್ ಡಿಪಿಇ ಅಂತ ಶುರುವಾಗುತ್ತದೆ. ಒಂದು ಬದಿ 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್', ಇನ್ನೊಂದು ಬದಿ 'ದಿಸ್ ಬಾಯ್'. ತೂಕ ಎಷ್ಟಿದೆ ಅಂದರೆ ಪ್ಲಾಸ್ಟಿಕ್ಕು ಅನಿಸುವುದಿಲ್ಲ, ತೆಳು ಕಡಪಾ ಕಲ್ಲು ಹಿಡಿದ ಹಾಗೆ. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ. ಬೀಟಲ್ಸ್ ಕಾಲಕ್ಕೆ ಇಂಥ ತಟ್ಟೆ ಎಲ್ಲಿತ್ತು? ಯಾರಾದರೂ ನಕಲಿ ಮಾಡಿದ್ದಾ?

ಲೆಕ್ಕದಮೇಷ್ಟ್ರು · ಭಾನುವಾರ, ಮಧ್ಯಾಹ್ನ 1:38

ಅಮ್ಮಾ ತಾಯಿ, ಅದನ್ನು ಮೊದಲು ಎರಡು ಕೈಯಲ್ಲಿ ಹಿಡಿದು ಮೆತ್ತಗೆ ಕೆಳಗಿಡಿ.

ಲೆಕ್ಕದಮೇಷ್ಟ್ರು · ಭಾನುವಾರ, ಮಧ್ಯಾಹ್ನ 2:05

ಕೈ ನಡುಗುತ್ತಿತ್ತು, ಊಟ ಮಾಡಿ ಬಂದೆ.

ಅದು 78ರ ತಟ್ಟೆ. ನಿಮಿಷಕ್ಕೆ 78 ಸುತ್ತು. ಬೀಟಲ್ಸ್ ಬರುವ ಹೊತ್ತಿಗೆ ಬ್ರಿಟನ್ನಿನಲ್ಲಿ 78 ನಿಂತು ಹೋಗಿತ್ತು, ಅಲ್ಲಿ ಇವರ ಸಿಂಗಲ್ಲುಗಳೆಲ್ಲ 45ರಲ್ಲೇ. ನಮ್ಮಲ್ಲಿ ಎಷ್ಟೋ ಊರಿಗೆ ಕರೆಂಟೇ ಇರಲಿಲ್ಲ, ಇದ್ದದ್ದು ಕೀ ಕೊಡುವ ಗ್ರಾಮಫೋನು. ಅದಕ್ಕೆ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಬೀಟಲ್ಸ್ ಹಾಡುಗಳನ್ನೂ 78ರಲ್ಲಿ ಒತ್ತಿದರು. ಅದು ಶೆಲ್ಯಾಕ್, ಅಂದರೆ ಅರಗು. ಅದಕ್ಕೇ ಅಷ್ಟು ಭಾರ. ಕೈಜಾರಿದರೆ ಹಪ್ಪಳ. ಪ್ರಪಂಚದ ಬೇರೆ ಕಡೆಯ ಸಂಗ್ರಾಹಕರು ಭಾರತದ ಈ ತಟ್ಟೆಗಳಿಗೆ ಜೀವ ಬಿಡುತ್ತಾರೆ.

ನಾನು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಚಿಕ್ಕಪೇಟೆ ಸಂಡೇ ಬಜಾರಿನಲ್ಲಿ ಒಬ್ಬರು ಬೀಟಲ್ಸ್ 78 ಇದೆ ಅಂತ ಹೇಳಿ, ಲಕೋಟೆ ಹೊರಗಿಂದ ತೋರಿಸಿ ದುಡ್ಡು ತೆಗೆದುಕೊಂಡರು. ಮನೆಗೆ ಬಂದು ಬಿಚ್ಚಿದರೆ ಒಳಗಿದ್ದದ್ದು ಮದುವೆ ಬ್ಯಾಂಡು. ಲಕೋಟೆ ಮಾತ್ರ ಅಸಲಿ.

ಹೊಸಬ್ರು · ಭಾನುವಾರ, ಸಂಜೆ 5:10

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಇವರದ್ದು ನಾಲ್ಕೈದು ಹಾಡು ಕೇಳಿದ್ದೇನೆ ಅಷ್ಟೇ. 213ರಲ್ಲಿ ಎಲ್ಲಿಂದ ಶುರು ಮಾಡಲಿ?

ಫೇಡರ್ · ಭಾನುವಾರ, ಸಂಜೆ 5:45

'ರಿವಾಲ್ವರ್'. ಕೊನೆ ಹಾಡಿನಿಂದ ಶುರು ಮಾಡಿ: 'ಟುಮಾರೋ ನೆವರ್ ನೋಸ್'. ತಂಬೂರಿ ಹಿಡಿದ ಹಾಗೆ ಒಂದೇ ಶ್ರುತಿಯ ಮೇಲೆ ನಿಂತ ಹಾಡು. ಕಾಗೆ ಕೂಗಿದ ಹಾಗೆ ಕೇಳುವುದು ಟೇಪಿನ ತುಂಡುಗಳನ್ನು ತುದಿಗೆ ತುದಿ ಅಂಟಿಸಿ ಸುತ್ತಿಸಿದ್ದು. ಮೂರು ವರ್ಷದ ಹಿಂದೆ ಒಂದು ದಿನದಲ್ಲಿ ಹತ್ತು ಹಾಡು ಮುಗಿಸಿದ ಅದೇ ಹುಡುಗರು ಇವರು.

ಆಮೇಲೆ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್'. ಜಾನ್‌ಗೆ ಒಂದು ಟೇಕಿನ ಮೊದಲ ಭಾಗ ಇಷ್ಟ, ಇನ್ನೊಂದು ಟೇಕಿನ ಉಳಿದ ಭಾಗ ಇಷ್ಟ. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ. ಸೇರಿಸಿಕೊಡಿ ಅಂದ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗ ಹೆಚ್ಚುಕಡಿಮೆ ಮಾಡಿ ಎರಡನ್ನೂ ಹೊಂದಿಸಿ, ಕತ್ತರಿ ಹಾಕಿ ಅಂಟಿಸಿದರು. ಸರಿಯಾಗಿ ಒಂದು ನಿಮಿಷದ ಹತ್ತಿರ ಆ ಅಂಟು ಇದೆ. ಹೆಡ್‌ಫೋನ್ ಹಾಕಿ ಕೇಳಿ. ಒಮ್ಮೆ ಕೇಳಿಸಿದರೆ ಜೀವನಪೂರ್ತಿ ಕೇಳಿಸುತ್ತಲೇ ಇರುತ್ತದೆ, ಅದೊಂದು ಕಷ್ಟ.

ಮಂಗಳೂರುಮೀನು · ಭಾನುವಾರ, ಸಂಜೆ 6:20

ಅಂಥ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಬರಲಿಲ್ಲ ಗೊತ್ತುಂಟಾ? 1967ರಲ್ಲಿ ಅದನ್ನು ತಡೆದದ್ದು ಎಂಗಲ್ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ'. ಆ ಜನ ಹುಟ್ಟಿದ್ದು ನಮ್ಮ ಮದ್ರಾಸಿನಲ್ಲಿ.

ಬಸವನಹುಳು · ಭಾನುವಾರ, ಸಂಜೆ 6:24

2023ರಲ್ಲಿ ಬಂದ 'ನೌ ಅಂಡ್ ದೆನ್' ಯಾವ ಲೆಕ್ಕಕ್ಕೆ? ನಾನು ಹೊಸ ಬೀಟಲ್ಸ್ ಹಾಡು ಅಂತ ರಾತ್ರಿ ಎದ್ದು ಕೂತು ಕೇಳಿದವನು.

ಲೆಕ್ಕದಮೇಷ್ಟ್ರು · ಭಾನುವಾರ, ರಾತ್ರಿ 8:15

ಅದು 213ಕ್ಕೆ ಸೇರುವುದಿಲ್ಲ, ಪ್ರಶ್ನೆ ಆ ಕಾಲದ ಹಾಡಿನದ್ದು. 1995ರ 'ಫ್ರೀ ಆ್ಯಸ್ ಎ ಬರ್ಡ್', 1996ರ 'ರಿಯಲ್ ಲವ್', ಇದು ಮೂರನೆಯದು. ಮೂರೂ ಜಾನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದವು. 'ನೌ ಅಂಡ್ ದೆನ್' ಕ್ಯಾಸೆಟ್ಟಿನಲ್ಲಿ ಪಿಯಾನೋ ಜಾನ್ ದನಿಯನ್ನು ನುಂಗಿತ್ತು. 1995ರಲ್ಲಿ ಜಾರ್ಜ್ ಗಿಟಾರು ನುಡಿಸಿದ್ದನ್ನು ಹಾಗೇ ಎತ್ತಿಟ್ಟರು. ದನಿ ಮತ್ತು ಪಿಯಾನೋ ಬೇರೆ ಮಾಡುವ ಕಂಪ್ಯೂಟರ್ ವಿದ್ಯೆ ಬಂದ ಮೇಲೆ ಮುಗಿಸಿದರು. ಅಷ್ಟೊತ್ತಿಗೆ ಜಾರ್ಜ್ ಕೂಡ ಇರಲಿಲ್ಲ.

ಇನ್ನು ಬಿಬಿಸಿ ರೇಡಿಯೋಗೆ 88 ಹಾಡನ್ನು ಒಟ್ಟು 275 ಸಲ ಹಾಡಿದ್ದಾರೆ. 1962ರ ಜನವರಿ 1ರಂದು ಡೆಕ್ಕಾ ಕಂಪನಿಯ ಮುಂದೆ 15 ಹಾಡಿ ಬೇಡ ಅನಿಸಿಕೊಂಡದ್ದಿದೆ. 1963ರಿಂದ ಏಳು ವರ್ಷ ಅಭಿಮಾನಿಗಳಿಗೆ ಕಳಿಸಿದ ಕ್ರಿಸ್‌ಮಸ್ ತಟ್ಟೆಗಳಿವೆ. ಆ ಬಾವಿಗೆ ಇಳಿದರೆ ನಾಳೆ ನಾನು ಶಾಲೆಗೆ ಹೋಗಲ್ಲ.

ಕ್ವಿಜ್‌ಸೋತವ · ಭಾನುವಾರ, ರಾತ್ರಿ 8:50

ಕ್ವಿಜ್ ಮಾಸ್ಟರಿಗೆ ಈ ಚರ್ಚೆ ಪೂರ್ತಿ ಕಳಿಸಿದೆ. "ತೀರ್ಪುಗಾರರ ನಿರ್ಧಾರವೇ ಅಂತಿಮ" ಅಂತ ಉತ್ತರ ಬಂತು, ಜೊತೆಗೆ ಒಂದು ನಗುಮುಖ.

ಸಾಗರದವಳು · ಭಾನುವಾರ, ರಾತ್ರಿ 9:35

ಹಾಕಿದೆ! ಅಜ್ಜಿ ಗ್ರಾಮಫೋನಿಗೆ ಕೀ ಕೊಟ್ಟರು, ಹಳೆ ಡಬ್ಬಿಯಲ್ಲಿ ಪಿನ್ನು ಸಿಕ್ಕಿತು. ಮೊದಲು ಬರೀ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು. ಆಮೇಲೆ ನಾಲ್ಕೂ ಜನ ಒಟ್ಟಿಗೆ ಕೋಣೆಯೊಳಗೆ ನುಗ್ಗಿದ ಹಾಗೆ ಬಂದರು. ಫೋನಿನಲ್ಲಿ ಸಾವಿರ ಸಲ ಕೇಳಿದ ಹಾಡು. ಇಷ್ಟು ಹತ್ತಿರ ಯಾವತ್ತೂ ಕೇಳಿರಲಿಲ್ಲ. ಚಪ್ಪಾಳೆ ತಟ್ಟುತ್ತಾರಲ್ಲ, ಅದು ತಗಡಿನ ಮೇಲೆ ಹೊಡೆದ ಹಾಗೆ ಕೇಳಿಸಿತು.

ಕೊನೆ ಅರ್ಧ ನಿಮಿಷಕ್ಕೆ ಕೀ ಇಳಿಯಿತು. ಹಾಡು ನಿಧಾನವಾಗಿ, ದನಿ ದಪ್ಪಗಾಗಿ, ನಾಲ್ವರಿಗೂ ಒಟ್ಟಿಗೆ ನಿದ್ದೆ ಬಂದ ಹಾಗೆ ನಿಂತಿತು.

ಫೇಡರ್ · ಭಾನುವಾರ, ರಾತ್ರಿ 9:41

ಆ ಸ್ಟೀಲ್ ಪಿನ್ನಲ್ಲಿ ಇನ್ನೊಂದು ಸಲ ಹಾಕಬೇಡಿ, ಗೀರು ತಿಂದು ಹಾಕುತ್ತದೆ. ನನ್ನ ಹತ್ತಿರ 78ಕ್ಕೇ ಮಾಡಿದ ಅಗಲದ ಸೂಜಿ ಇದೆ. ಮುಂದಿನ ವಾರ ಶಿವಮೊಗ್ಗಕ್ಕೆ ಬರುವುದಿದೆ, ತರುತ್ತೇನೆ.

ಲೆಕ್ಕದಮೇಷ್ಟ್ರು · ಭಾನುವಾರ, ರಾತ್ರಿ 9:43

ನಾನೂ ಬರುತ್ತೇನೆ. ಮುಟ್ಟುವುದಿಲ್ಲ, ದೂರ ಕೂತು ನೋಡುತ್ತೇನೆ.

ಕ್ವಿಜ್‌ಸೋತವ · ಭಾನುವಾರ, ರಾತ್ರಿ 9:50

ವೇಗ ಬೇರೆ, ಶ್ರುತಿ ಬೇರೆ, ಕೊನೆ ಬೇರೆ. ಮೇಷ್ಟ್ರೇ, ಇದು 214 ಅಲ್ವಾ?

ಸಾಗರದವಳು · ಭಾನುವಾರ, ರಾತ್ರಿ 10:02

ಬನ್ನಿ ಎಲ್ಲರೂ. ಅಜ್ಜಿ ಕೇಳುತ್ತಿದ್ದಾರೆ, ಆ ಡಬ್ಬಿ ಸೆಟ್ ಬೇಡವಾದರೆ ತರಬಹುದಂತೆ, ಉಪ್ಪಿನಕಾಯಿ ಹಾಕಿ ವಾಪಸ್ ಕೊಡುತ್ತಾರಂತೆ.